ಚಿಕ್ಕಪ್ಪನ ಸ್ಟುಡಿಯೋ ಮತ್ತು ರಾಜನ ಗೊರಕೆ

ನಮ್ಮ ಅಜ್ಜಿಯ ಕಥೆಗಳಲ್ಲಿ ಅನಾಹುತಗಳೆಲ್ಲ ಒಂದೇ ರೀತಿ ಶುರುವಾಗುತ್ತವೆ. ತುಂಬಿದ ಸಭೆಯಲ್ಲಿ ರಾಜ ಒಂದು ಪ್ರಶ್ನೆ ಕೇಳುತ್ತಾನೆ. ಮಂತ್ರಿಗಳೆಲ್ಲ ತಮ್ಮ ತಮ್ಮ ಹೆಬ್ಬೆರಳು ನೋಡಿಕೊಳ್ಳುತ್ತಾರೆ. ಆಗ ಹಿಂದಿನ ಸಾಲಿನಲ್ಲಿ, ಯಾರೂ ಕರೆಯದಿದ್ದ ಒಬ್ಬ ಎದ್ದು ನಿಂತು "ನಾನಿದ್ದೇನೆ" ಎನ್ನುತ್ತಾನೆ. ನಮ್ಮ ಕಟ್ಟಡದ ನಿವಾಸಿಗಳ ಸಂಘದ ಸಭೆಯಲ್ಲಿ ಹಾಗೆ ಎದ್ದು ನಿಂತವರು ನಮ್ಮ ಚಿಕ್ಕಪ್ಪ.

ಪ್ರಶ್ನೆ ಕೇಳಿದವರು ಸಂಘದ ಅಧ್ಯಕ್ಷರು. ನಿವೃತ್ತ ಸ್ಟೇಷನ್ ಮಾಸ್ಟರು. ಮೂವತ್ತು ವರ್ಷ ಪ್ಲಾಟ್‌ಫಾರ್ಮಿನ ಈ ತುದಿಯಲ್ಲಿ ನಿಂತು ಆ ತುದಿಯವರನ್ನು ಬೈದ ಗಂಟಲು ಅವರದು. ಕೆಳಗಿನ ಹಾಲ್‌ಗೆ ಸಂಘ ಕರೋಕೆ ಪೆಟ್ಟಿಗೆ ತಂದು ಆರು ತಿಂಗಳಾಗಿತ್ತು. ಶನಿವಾರ ಸಂಜೆ ಪೆಟ್ಟಿಗೆ ವಾದ್ಯ ಬಾರಿಸುತ್ತದೆ, ಪರದೆಯ ಮೇಲೆ ಸಾಹಿತ್ಯ ಓಡುತ್ತದೆ, ನಮ್ಮವರು ಮೈಕು ಹಿಡಿದು ಅದರ ಹಿಂದೆ ಓಡುತ್ತಾರೆ.

"ಇಷ್ಟು ಚೆನ್ನಾಗಿ ಹಾಡ್ತೀವಿ. ನಾಳೆ ಮೊಮ್ಮಕ್ಕಳು ಕೇಳಿದ್ರೆ ತೋರಿಸೋಕೆ ಏನಿದೆ ನಮ್ಮ ಹತ್ರ?" ಎಂದರು ಅಧ್ಯಕ್ಷರು. "ಇದನ್ನ ರೆಕಾರ್ಡ್ ಮಾಡೋರು ಯಾರಾದ್ರೂ ಇದ್ದೀರಾ? ಮಾಡಿಕೊಟ್ಟೋರ ಕೈಗೆ ಹಾಲ್‌ನ ಕೀಲಿಕೈ ಕೊಡ್ತೀನಿ."

ಹಾಲ್‌ನ ಕೀಲಿಕೈ ಎಂದರೆ ಸಾಮಾನ್ಯವಲ್ಲ. ಅದು ಯಾರ ಬಳಿ ಇದೆಯೋ ಅವರೇ ಪೆಟ್ಟಿಗೆ ಹಚ್ಚುವವರು, ಯಾರ ಹಿಂದೆ ಯಾರು ಹಾಡಬೇಕೆಂದು ತೀರ್ಮಾನಿಸುವವರು. ಸದ್ಯಕ್ಕೆ ಅದು ಎರಡನೇ ಮಹಡಿಯ ಹಲ್ಲಿನ ಡಾಕ್ಟರ ಸೊಂಟದಲ್ಲಿ ನೇತಾಡುತ್ತಿತ್ತು. ಅವರು ಬರುವುದು ಕಂಡರೆ ಲಿಫ್ಟಿನಲ್ಲಿದ್ದವರು ಬಾಗಿಲು ಹಿಡಿದು ನಿಲ್ಲುತ್ತಿದ್ದರು. ಚಿಕ್ಕಪ್ಪ ಬರುವುದು ಕಂಡರೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಎಂಟು ವರ್ಷದಿಂದ ಅಲ್ಲಿದ್ದರೂ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು "ಮೂರನೇ ಮಹಡಿ ಕೊನೇ ಮನೆಯವರು" ಎಂದು. ಹಾಡಲು ಅವರಿಗೆ ಧೈರ್ಯವಿರಲಿಲ್ಲ. ಚಪ್ಪಾಳೆ ತಟ್ಟಿದರೆ ಅದು ತಾಳಕ್ಕಿಂತ ಅರ್ಧ ಹೆಜ್ಜೆ ಹಿಂದೆ ಬೀಳುತ್ತಿತ್ತು. ಒಮ್ಮೆ ಡಾಕ್ಟರೇ ಹತ್ತಿರ ಬಂದು, ನೋವಾಗುವ ಹಲ್ಲನ್ನು ಮುಟ್ಟುವಷ್ಟು ಮೃದುವಾಗಿ, "ತಾವು ಕೈ ಕಟ್ಟಿಕೊಂಡೇ ಕೇಳಿ" ಎಂದಿದ್ದರು.

ಅಂಥ ಚಿಕ್ಕಪ್ಪ ಈಗ ಎದ್ದು ನಿಂತು, "ನಮ್ಮನೇಲಿ ಕಂಪ್ಯೂಟರ್ ಇದೆ. ಮುಂದಿನ ಭಾನುವಾರ ಬನ್ನಿ. ಸ್ಟುಡಿಯೋ ರೆಡಿ ಇರುತ್ತೆ" ಎಂದುಬಿಟ್ಟರು.

ಪಕ್ಕದಲ್ಲಿ ಕುಳಿತಿದ್ದ ಚಿಕ್ಕಮ್ಮ ಅವರ ಅಂಗಿಯ ತುದಿ ಹಿಡಿದು ಕೆಳಗೆಳೆದರು. ಅಂಗಿ ಕೆಳಗೆ ಬಂತು, ಚಿಕ್ಕಪ್ಪ ಬರಲಿಲ್ಲ.

ಮನೆಗೆ ಬಂದ ಮೇಲೆ ಚಿಕ್ಕಮ್ಮ ಚಪ್ಪಲಿ ಬಿಡುವುದಕ್ಕೂ ಮುಂಚೆ ತೀರ್ಪು ಕೊಟ್ಟರು. "ರೀ, ಕೇಳಿಸ್ಕೊಳ್ಳಿ. ಗಡಿಯಾರ ರಿಪೇರಿ ಕಲಿತೀನಿ ಅಂದ್ರಿ, ಮನೇಲಿ ಐದು ಗಡಿಯಾರ, ಐದು ಟೈಮು. ಫೋಟೋ ತೆಗೀತೀನಿ ಅಂದ್ರಿ, ನನ್ನ ತಂಗಿ ಮದುವೇಲಿ ಬರೀ ಹೆಬ್ಬೆರಳು. ಈ ಸಲವೂ ಮಾನ ಹೋದ್ರೆ ಆ ಕಂಪ್ಯೂಟರ್ ಸೀದಾ ನನ್ನ ತಂಗಿ ಮನೆಗೆ ಹೋಗುತ್ತೆ. ಅವಳ ಋಣ ಹಾಗಾದ್ರೂ ತೀರಲಿ."

"ಇದರಲ್ಲಿ ಹೆಬ್ಬೆರಳಿನ ಪಾತ್ರವೇ ಇಲ್ಲ ಕಣೇ" ಎಂದರು ಚಿಕ್ಕಪ್ಪ. ಆ ಮನೆಯಲ್ಲಿದ್ದುಕೊಂಡು ಓದುತ್ತಿದ್ದ ನನ್ನ ಕಡೆಗೆ ತಿರುಗಿ, "ಪುಟ್ಟೀ, ಹಾಸಿಗೆಗಳನ್ನೆಲ್ಲ ತಾ" ಎಂದರು. ನನಗೆ ಆಗಲೇ ರೋಮಾಂಚನವಾಗಿತ್ತು. ಹಿಂದಿನ ಸಾಲಿನಿಂದ ಎದ್ದು ನಿಂತವನಿಗೆ ಅಜ್ಜಿಯ ಕಥೆಯಲ್ಲಿ ಏಳು ಸಮುದ್ರ ದಾಟಲಿಕ್ಕಿರುತ್ತದೆ. ಅಂಥವನ ಹಾಸಿಗೆ ಹೊರುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ?

ವಾರವಿಡೀ ಕೆಲಸ ನಡೆಯಿತು. ಮಲಗುವ ಕೋಣೆಯ ನಾಲ್ಕು ಗೋಡೆಗಳಿಗೂ ಹಾಸಿಗೆಗಳು ಒರಗಿದವು. ಕಿಟಕಿಗೆ ಎರಡು ಕಂಬಳಿ, ಬಾಗಿಲಿಗೆ ಒಂದು ರಜಾಯಿ. ಮೈಕಿಗೆ ಚಿಕ್ಕಪ್ಪನ ಹೊಸ ಕಾಲುಚೀಲ. ಅಜ್ಜಿಯೂ ಸೇರಿ ನಾವು ನಾಲ್ವರೂ ಬರಿ ನೆಲದ ಮೇಲೆ ಮಲಗಿದೆವು. ಕಂಪ್ಯೂಟರು ಮಾತ್ರ ಕೋಣೆಗೆ ಬರಲಿಲ್ಲ. ಅದರ ಹೊಟ್ಟೆಯೊಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಗುರುಗುಡುತ್ತಿತ್ತು. ಹಾಗಾಗಿ ಅದನ್ನು ನಡುಮನೆಯಲ್ಲಿಟ್ಟು, ಕೋಣೆಯ ಮೈಕಿನಿಂದ ಬಾಗಿಲಿನಡಿಯಲ್ಲಿ ಉದ್ದನೆಯ ವೈರು ಎಳೆದದ್ದಾಯಿತು. ಸಂಘದಿಂದ ಎರವಲು ತಂದ ಕರೋಕೆ ಪೆಟ್ಟಿಗೆ ಅದರ ಪಕ್ಕದಲ್ಲಿ. ಮೈಕಿನ ವೈರಿನ ಒಂದು ಕವಲು ಪೆಟ್ಟಿಗೆಗೂ ಹೋಯಿತು, ಪೆಟ್ಟಿಗೆಯಿಂದ ಬರಿ ವಾದ್ಯ ಕಂಪ್ಯೂಟರಿಗೂ ಕೋಣೆಯಲ್ಲಿ ಹಾಡುವವರ ಕಿವಿಗೂ ಹೋಯಿತು. ಕಂಪ್ಯೂಟರಿನ ತಲೆಯ ಮೇಲೆ, ನನ್ನ ಪಾಠಗಳಿಗೆಂದು ಯಾವಾಗಲೋ ತಂದ ಪುಟ್ಟ ಕ್ಯಾಮೆರಾ ಒಕ್ಕಣ್ಣಿನ ಹಕ್ಕಿಯ ಹಾಗೆ ಕೂತಿತ್ತು. ಅದಕ್ಕೂ ಒಂದು ಕಿವಿ ಇದೆಯೆಂದು ಯಾರಿಗೂ ನೆನಪಿರಲಿಲ್ಲ.

ಕಂಪ್ಯೂಟರ್ ಒಂದೇ ಒಂದು ಪ್ರಶ್ನೆ ಕೇಳಿತು. ಧ್ವನಿಯನ್ನು ಎಲ್ಲಿಂದ ತೆಗೆದುಕೊಳ್ಳಲಿ? ಕೆಳಗೆ ಎರಡು ಸಾಲು.

"ಚಿಕ್ಕಪ್ಪ, ಇದರಲ್ಲಿ ಯಾವುದು ಒತ್ತಬೇಕು?"

"ಮೊದಲನೇದು. ಗೊತ್ತಿಲ್ಲದೆ ಇದ್ದಾಗ ಯಾವಾಗಲೂ ಮೊದಲನೇದು. ಆಫೀಸಲ್ಲಿ ಹಾಗೇ ಮಾಡೋದು."

ಅವರ ಆಫೀಸು ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮೊಹರು ಒತ್ತುವ ಆಫೀಸು. ಆ ಉತ್ತರ ಕೇಳಿದ ಮೇಲೆ ನಾನು ಬಹಳ ದಿನ ತರಕಾರಿಯನ್ನು ಅನುಮಾನದಿಂದಲೇ ಕೊಂಡೆ.

ಭಾನುವಾರ ಬೆಳಿಗ್ಗೆ ಒಂಬತ್ತು ಗಾಯಕರು ನಮ್ಮ ನಡುಮನೆಯಲ್ಲಿ ಸಾಲಾಗಿ ಕುಳಿತರು. ಎಲ್ಲರ ಮುಖದಲ್ಲೂ ಇಂಜೆಕ್ಷನ್ನಿಗೆ ಕಾದವರ ಕಳೆ. ಹಲ್ಲಿನ ಡಾಕ್ಟರು ಬಿಸಿನೀರು ಬಾಯಿಗೆ ಹಾಕಿಕೊಂಡು ಗಳಗಳ ಅನ್ನಿಸುತ್ತಿದ್ದರು. ಲಿಫ್ಟ್ ರಿಪೇರಿಯವರು, ಆರಡಿ ಆಳು, ಕೈಬೆರಳು ಎಣಿಸುತ್ತಿದ್ದರು. ಲೈಬ್ರರಿಯಲ್ಲಿ ಕೆಲಸ ಮಾಡುವ ಮೇಡಂ ಮಾತ್ರ ಯಾರೂ ಗದ್ದಲ ಮಾಡುತ್ತಿಲ್ಲವಲ್ಲ ಎಂದು ನೆಮ್ಮದಿಯಾಗಿದ್ದರು. ಅಧ್ಯಕ್ಷರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕೊನೆಯ ಕುರ್ಚಿ ಹಿಡಿದಿದ್ದರು. ದೊಡ್ಡವರು ಕೊನೆಗೆ ಹಾಡಬೇಕೆಂದು ಅವರೇ ನಿಯಮ ಮಾಡಿದ್ದರು.

ಚಿಕ್ಕಪ್ಪ ಕಂಪ್ಯೂಟರಿನ ಮುಂದೆ ಕುಳಿತು, ಎರಡು ಚಟ್ನಿ ಬಟ್ಟಲಿನಷ್ಟು ದೊಡ್ಡ ಹೆಡ್‌ಫೋನು ಕಿವಿಗೇರಿಸಿ, ಅದರ ವೈರನ್ನು ಕರೋಕೆ ಪೆಟ್ಟಿಗೆಗೆ ಸಿಕ್ಕಿಸಿಕೊಂಡರು. "ಒಳಗೆ ಎಲ್ಲಾ ಕಡೆ ಹಾಸಿಗೆ ಇದೆ. ನೀವಿಲ್ಲಿ ಎಷ್ಟು ಬೇಕಾದ್ರೂ ಮಾತಾಡಿ, ಒಂದಕ್ಷರವೂ ಒಳಗೆ ಹೋಗಲ್ಲ" ಎಂದು ಘೋಷಿಸಿದರು. ಅದು ನಿಜವೇ ಆಗಿತ್ತು. ಒಂದಕ್ಷರವೂ ಒಳಗೆ ಹೋಗಲಿಲ್ಲ.

ಮೂಲೆಯಲ್ಲಿ ಕುಳಿತಿದ್ದ ಅಜ್ಜಿ ಈ ಒಂಬತ್ತು ಬಾಡಿದ ಮುಖಗಳನ್ನು ನೋಡಿದಳು. ಅವಳಿಗೆ ಅಂಥದ್ದು ನೋಡಿಕೊಂಡು ಸುಮ್ಮನಿರಲು ಬರುವುದಿಲ್ಲ.

"ಭಯ ಪಡಬೇಡ್ರಪ್ಪಾ. ಒಂದು ಕಥೆ ಹೇಳ್ತೀನಿ, ಕೇಳ್ತಾ ಕೂತ್ಕೊಳ್ಳಿ. ಒಂದೂರಲ್ಲಿ ಒಬ್ಬ ರಾಜ ಇದ್ದ. ಅವನ ಗೊರಕೆ ಅಂದ್ರೆ ಎಂಥದ್ದು ಅಂತೀರಿ, ಅರಮನೆ ಹೆಂಚು ಎದ್ದೆದ್ದು ಕೂರೋದು. ಒಂದು ದಿನ ಬೆಳಗಾಗೋದ್ರೊಳಗೆ ಆ ಗೊರಕೆ ಕಳೆದೇ ಹೋಯ್ತು."

ಡಾಕ್ಟರು ಗಳಗಳ ನಿಲ್ಲಿಸಿ ನೀರು ನುಂಗಿಬಿಟ್ಟರು.

ಗೊರಕೆ ಹೋಗಿದ್ದರಿಂದ ರಾಜನಿಗೇನೂ ನಷ್ಟವಿರಲಿಲ್ಲ. ಆದರೆ ಅದನ್ನು ಕೇಳಿ ಕೇಳಿ ಒಗ್ಗಿದ್ದ ರಾಣಿಯ ನಿದ್ದೆ ಹೋಯಿತು. ರಾಣಿ ಎದ್ದಿದ್ದರಿಂದ ದಾಸಿಯರು ಎದ್ದರು, ದಾಸಿಯರ ಗದ್ದಲಕ್ಕೆ ಊರೇ ಎದ್ದು ಕುಳಿತಿತು. ಕೊನೆಗೆ ಕಂಬಳಿ ನೇಯುವವನೊಬ್ಬ, ಕರೆಯದಿದ್ದರೂ ಸಭೆಗೆ ಬಂದು, ಗೊರಕೆ ಹುಡುಕಿ ತರುತ್ತೇನೆಂದು ಹೊರಟ. ಅಷ್ಟು ಹೊತ್ತಿಗೆ ಚಿಕ್ಕಪ್ಪ ಕೈ ಎತ್ತಿದರು. ಮೊದಲ ಗಾಯಕ ಒಳಗೆ ಹೋಗಬೇಕು.

ಅಲ್ಲಿಂದ ಒಂದು ವಿಚಿತ್ರ ಸಂಕಟ ಆರಂಭವಾಯಿತು. ಒಬ್ಬೊಬ್ಬರೇ ಒಳಗೆ ಹೋಗಿ, ನಾಲ್ಕು ನಿಮಿಷ ಹಾಡಿ, ಓಡೋಡಿ ಬಂದು ಮತ್ತೆ ಕಥೆಯ ಮುಂದೆ ಕೂರುತ್ತಿದ್ದರು. ಕಥೆ ಯಾರಿಗೂ ಕಾಯುತ್ತಿರಲಿಲ್ಲ. ಹಾಗಾಗಿ ಒಬ್ಬೊಬ್ಬರ ಕಥೆಯಲ್ಲೂ, ಸರಿಯಾಗಿ ಅವರ ಹಾಡಿನಷ್ಟೇ ಉದ್ದದ ಒಂದು ತೂತು ಬಿತ್ತು. ಕಾಡಿನಲ್ಲಿ ಹುಲಿಯೊಂದು ಎದುರಾಗಿ ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಹಲ್ಲಿನ ಡಾಕ್ಟರ ಸರದಿ ಬಂತು.

"ಒಂದು ನಿಮಿಷ ತಡೀರಿ. ಹುಲಿ ಬಾಯಿ ತೆರೆದಿದೆ" ಎಂದರು ಡಾಕ್ಟರು.

"ಮ್ಯೂಸಿಕ್ ಶುರುವಾಗಿದೆ, ಡಾಕ್ಟ್ರೇ" ಎಂದು ಅವರನ್ನು ಒಳಗೆ ನೂಕಿ ಬಾಗಿಲು ಹಾಕಿದೆ.

ಹೊರಗೆ ಬಂದವರು ಹುಲಿಯ ಬಾಯಲ್ಲಿ ಏನಿತ್ತೆಂದು ಅಜ್ಜಿಯನ್ನೇ ಕೇಳಿದರು. "ಹೇಳಿದ್ದು ಆಯ್ತಪ್ಪಾ" ಎಂದಳು ಅಜ್ಜಿ. "ಇನ್ನೊಂದ್ಸಲ ಹೇಳಿದ್ರೆ ಅದು ಬೇರೆ ಹುಲಿ ಆಗುತ್ತೆ." ಇದು ಅವಳ ಜೀವಮಾನದ ಪದ್ಧತಿ. ಒಂದು ಕಥೆಯನ್ನು ಅವಳು ಎರಡು ಸಲ ಒಂದೇ ರೀತಿ ಹೇಳಿದ್ದನ್ನು ನಾನು ಕೇಳಿಯೇ ಇಲ್ಲ.

ಕೊನೆಯ ಸರದಿ ಅಧ್ಯಕ್ಷರದು. ಕಂಬಳಿಯವನು ಏಳನೇ ಗುಹೆಯ ಬಾಯಿಗೆ ಬಂದಿದ್ದ. ಅಧ್ಯಕ್ಷರು ಎದ್ದರು, ಎರಡು ಹೆಜ್ಜೆ ಇಟ್ಟರು, ತಿರುಗಿ ಅಜ್ಜಿಯನ್ನು ನೋಡಿದರು. ಆದರೆ ಅಧ್ಯಕ್ಷರಾದವರು ಕಥೆಗೆಂದು ನಿಲ್ಲುವುದುಂಟೆ. ಒಳಗೆ ಹೋದರು, ಬಾಗಿಲು ಮುಚ್ಚಿತು.

ಅವರು ಹಾಡಿ ಹೊರಬಂದಾಗ ನಡುಮನೆಯಲ್ಲಿ ಎಂಟೂ ಜನ ಚಪ್ಪಾಳೆ ತಟ್ಟುತ್ತಿದ್ದರು. ಲೈಬ್ರರಿ ಮೇಡಂ ಕಣ್ಣೊರೆಸಿಕೊಳ್ಳುತ್ತಿದ್ದರು. ಲಿಫ್ಟಿನವರು ಗೋಡೆಗೆ ಹಣೆ ಆನಿಸಿ ನಿಂತಿದ್ದರು, ಅವರ ಭುಜ ಕುಲುಕುತ್ತಿತ್ತು. ಅಧ್ಯಕ್ಷರು ಒಂದು ಕ್ಷಣ ಬೆರಗಾಗಿ ನಿಂತರು. ಆಮೇಲೆ ತಲೆ ಬಾಗಿಸಿ ಕೈಮುಗಿದು, "ಅಷ್ಟೊಂದು ಚೆನ್ನಾಗಿ ಬಂತಾ" ಎಂದರು.

"ಇಂಥದ್ದು ಕೇಳೇ ಇರ್ಲಿಲ್ಲ ಸರ್" ಎಂದರು ಲಿಫ್ಟಿನವರು, ಗೋಡೆಯ ಕಡೆಗೇ ಮುಖ ಮಾಡಿಕೊಂಡು.

ಚಿಕ್ಕಪ್ಪ ಒಂಬತ್ತು ಹಾಡುಗಳನ್ನೂ ಒಂಬತ್ತು ಪೆನ್‌ಡ್ರೈವುಗಳಿಗೆ ತುಂಬಿ, ಲಕೋಟೆಗೆ ಹಾಕಿ, ಅರಗು ಕರಗಿಸಿ ಮೊಹರು ಒತ್ತಿದರು. ಮೇಲೆ ಕೆಂಪಕ್ಷರದಲ್ಲಿ ಬರೆದರು: ಪರೀಕ್ಷಿಸಲಾಗಿದೆ.

"ಒಂದ್ಸಲ ಹಾಕಿ ಕೇಳೋಣ ಚಿಕ್ಕಪ್ಪ" ಎಂದೆ ನಾನು.

"ಹಾಡೋವಾಗಲೇ ಎರಡೂ ಕಿವಿಯಲ್ಲಿ ಕೇಳಿದ್ದೀನಲ್ಲ. ಮತ್ತೆ ಕೇಳಿದ್ರೆ ನನ್ನ ಕಿವಿಗೇ ಅವಮಾನ ಕಣೇ."

ಲಕೋಟೆಗಳನ್ನು ಶನಿವಾರ ಸಂಜೆ ಎಲ್ಲರ ಮುಂದೆಯೇ ಒಡೆಯಬೇಕೆಂದು ಅಪ್ಪಣೆಯಾಯಿತು. ಆ ಆರು ದಿನ ಕಟ್ಟಡದ ತುಂಬ ಗೊರಕೆಯದೇ ಮಾತು. ಹುಲಿ ಆಕಳಿಸುತ್ತಿತ್ತು ಎಂದು ಲಿಫ್ಟಿನವರು, ಇಲ್ಲ, ಅಳುತ್ತಿತ್ತು ಎಂದು ಲೈಬ್ರರಿ ಮೇಡಂ. ಡಾಕ್ಟರು ಇಬ್ಬರನ್ನೂ ನಂಬಲಾರದೆ ರೋಗಿಗಳ ಬಾಯಲ್ಲಿ ಇಣುಕುವಾಗೆಲ್ಲ ಸುಮ್ಮನೆ ನಿಂತುಬಿಡುತ್ತಿದ್ದರಂತೆ. ಎಲ್ಲರಿಗಿಂತ ಕಷ್ಟ ಅಧ್ಯಕ್ಷರಿಗೆ. ಅವರ ತೂತು ಕಥೆಯ ಕೊನೆಯಲ್ಲೇ ಬಿದ್ದಿತ್ತು. ಬಾಯಿ ಬಿಟ್ಟು ಕೇಳಲು ದೊಡ್ಡಸ್ತಿಕೆ ಬಿಡದು. ಮೆಟ್ಟಿಲಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ, ನೀರಿನ ಟ್ಯಾಂಕಿನ ವಿಷಯದಿಂದ ಶುರುಮಾಡಿ, "ಅಂದ ಹಾಗೆ, ಆ ಗೊರಕೆ ಸಿಕ್ಕಿತೋ?" ಎನ್ನುತ್ತಿದ್ದರು.

ಆಗ ಒಂದು ವಿಚಿತ್ರ ನಡೆಯುತ್ತಿತ್ತು. ಕೇಳಿಸಿಕೊಂಡವರು ಯಾರಾದರೂ ಸರಿ, ತುಟಿ ಬಿಗಿಹಿಡಿದು ಓಡುತ್ತಿದ್ದರು. ಲೈಬ್ರರಿ ಮೇಡಂ ಒಬ್ಬರೇ ನಿಂತು, "ಕೊನೇ ಪುಟ ನಾವು ಹೇಳೋ ಹಾಗಿಲ್ಲ ಸರ್, ವೃತ್ತಿಧರ್ಮ" ಎಂದು ಹೇಳಿ ಆಮೇಲೆ ಓಡಿದರು.

ಶನಿವಾರ ಸಂಜೆ ಹಾಲ್ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಅಧ್ಯಕ್ಷರು, ಪಕ್ಕದಲ್ಲಿ ಅವರ ಹೆಂಡತಿ, ಮೇಜಿನ ಮೇಲೆ ಮನೆಯಿಂದ ಹೊತ್ತು ತಂದ ನಮ್ಮ ಕಂಪ್ಯೂಟರು ಮತ್ತು ಕೀಲಿಕೈ. ಡಾಕ್ಟರು ಅದನ್ನು ಬಿಟ್ಟುಕೊಡುವಾಗ ಕೆನ್ನೆ ಹಿಡಿದುಕೊಂಡಿದ್ದರು. ಚಿಕ್ಕಪ್ಪ ಮದುವೆಯ ಕೋಟು ಹಾಕಿದ್ದರು. ಚಿಕ್ಕಮ್ಮ ತಂಗಿಯನ್ನೂ ಕರೆಸಿಕೊಂಡು ಬಾಗಿಲ ಹತ್ತಿರವೇ ಕುಳಿತಿದ್ದರು. ತಂಗಿ, ಬೇಕಾದೀತೆಂದು, ಕಂಪ್ಯೂಟರ್ ಹಿಡಿಸುವಷ್ಟು ದೊಡ್ಡ ಚೀಲ ತಂದಿದ್ದಳು.

ಮೊದಲು ಡಾಕ್ಟರ ಲಕೋಟೆ. ಮೊಹರು ಒಡೆಯಿತು. ವಾದ್ಯ ಮೊಳಗಿತು, ಪಿಟೀಲುಗಳು ಏರಿ ಏರಿ ಹಾಡಿಗೆ ಜಾಗ ಬಿಟ್ಟವು. ಡಾಕ್ಟರು ಕಣ್ಣು ಮುಚ್ಚಿ ತಲೆ ಓರೆ ಮಾಡಿದರು. ಸ್ಪೀಕರಿನಿಂದ ಅಜ್ಜಿಯ ಧ್ವನಿ ಬಂತು.

"ಹುಲಿ ಬಾಯಿ ತೆರೀತಲ್ಲ. ನಮ್ಮ ಕಂಬಳಿಯವನು ಹೆದರಿದ್ನಾ? ಇಲ್ಲ. ತಲೆ ಒಳಗೆ ಹಾಕ್ದ."

ಹಾಲ್‌ನಲ್ಲಿ ತಲೆಗಳೆಲ್ಲ ಅಜ್ಜಿ ಕುಳಿತಿದ್ದ ಕಡೆಗೆ ತಿರುಗಿದವು. ಚಿಕ್ಕಪ್ಪ ಅದನ್ನು ಕಿತ್ತು ಲಿಫ್ಟಿನವರದು ಹಾಕಿದರು. ತಮಟೆ, ಕಹಳೆ, ಅದರ ಮೇಲೆ ಅಜ್ಜಿ: "ಬಾವಿ ಒಳಗಿಂದ ಗುರ್ ಅಂತ ಬಂತು." ಮೂರನೆಯದು ಹಾಕಿದರು. ಮತ್ತೆ ಅಜ್ಜಿ. ಹಿಂದೆಯೇ ಲೈಬ್ರರಿ ಮೇಡಂ ಧ್ವನಿ, ಬಲು ಸ್ಪಷ್ಟವಾಗಿ: "ಡಾಕ್ಟ್ರು ಬೇಗ ಮುಗಿಸಿ ಬಂದ್ಬಿಟ್ರಲ್ಲ, ಇನ್ನೊಂದ್ಸ್ವಲ್ಪ ಒಳಗೇ ಇದ್ದಿದ್ರೆ ಕಥೆ ನೆಮ್ಮದಿಯಾಗಿ ಕೇಳ್ಬಹುದಿತ್ತು."

ಎಲ್ಲರಿಗೂ ತಿಳಿದದ್ದು ಆಗ. ಕಂಪ್ಯೂಟರು ಕೋಣೆಯ ಮೈಕನ್ನು ಕೇಳಿಯೇ ಇರಲಿಲ್ಲ. ಮೊದಲ ಸಾಲಿನಲ್ಲಿದ್ದದ್ದು ಒಕ್ಕಣ್ಣಿನ ಹಕ್ಕಿ. ವಾದ್ಯದ ಜೊತೆಗೆ ಅದು ತುಂಬಿಕೊಂಡದ್ದು ನಡುಮನೆಯನ್ನು. ಚಿಕ್ಕಪ್ಪನ ಹೆಡ್‌ಫೋನಿಗೆ ಪೆಟ್ಟಿಗೆಯಿಂದ ಹಾಡು ಬರುತ್ತಿದ್ದುದರಿಂದ ಅವರಿಗೆ ಕಥೆ ಕೇಳಿಸಿರಲಿಲ್ಲ, ಕಂಪ್ಯೂಟರಿಗೆ ಹಾಡು ಕೇಳಿಸಿರಲಿಲ್ಲ.

"ನನ್ನ ಹಾಡು ಎಲ್ಲಿ?" "ನಾನು ಬಿಸಿನೀರು ಕುಡಿದಿದ್ದೆಲ್ಲ ದಂಡ." "ಪರೀಕ್ಷಿಸಲಾಗಿದೆ ಅಂತ ಬರೆದಿದ್ದಾರಲ್ರೀ, ಏನನ್ನ ಪರೀಕ್ಷಿಸಿದ್ರು, ನಮ್ಮ ತಾಳ್ಮೇನಾ?"

ಅಧ್ಯಕ್ಷರು ಎದ್ದು ನಿಂತರು. "ಕೊನೇ ಮನೆಯವರೇ" ಎಂದರು. ಕಿಟಕಿ ಗಾಜು ಅದುರಿತು. "ಒಂಬತ್ತನ್ನೂ ಅಳಿಸಿಹಾಕಿ. ಈಗಲೇ. ಡಾಕ್ಟ್ರೇ, ಕೀಲಿಕೈ ಎತ್ತಿಕೊಳ್ಳಿ."

ಚಿಕ್ಕಪ್ಪನ ಮುಖ ಹರಿದ ಲಕೋಟೆಯಂತಾಯಿತು. ಬಾಗಿಲ ಬಳಿ ಚೀಲ ಬಿಚ್ಚುವ ಸದ್ದು ಕೇಳಿಸಿತು. ಅವರು ಕಂಪ್ಯೂಟರಿನ ಮೇಲೆ ಬೆರಳಿಟ್ಟರು.

"ಸ್ವಲ್ಪ ತಡೀರಿ" ಎಂದಿತು ಒಂದು ಮೆಲುದನಿ. ಕೀಲಿಕೈ ಹತ್ತಿರ ಬಂದಿದ್ದ ಡಾಕ್ಟರು, ಅದನ್ನು ಮುಟ್ಟದೆ ನಿಂತಿದ್ದರು. "ತಲೆ ಒಳಗೆ ಹಾಕ್ದ, ಸರಿ. ಒಳಗೆ ಏನಿತ್ತು?"

ಡಾಕ್ಟರು ಕೀಲಿಕೈ ಬಿಟ್ಟು ಕಂಪ್ಯೂಟರಿನ ಕಡೆಗೆ ಒಂದು ಹೆಜ್ಜೆ ಇಟ್ಟರು.

"ನಾನು ಒಂದು ವಾರದಿಂದ ಊಟ ಸರಿಯಾಗಿ ಮಾಡಿಲ್ಲ. ಆ ಹುಲಿ ಬಾಯಲ್ಲಿ ಏನಿತ್ತು ಅಂತ ಕೇಳಿ ಆಮೇಲೆ ಅಳಿಸಿ."

"ನನಗೂ ಬಾವಿದು ಗೊತ್ತಾಗ್ಬೇಕು" ಎಂದರು ಲಿಫ್ಟಿನವರು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ಪ್ರತಿಯೊಬ್ಬರ ಲಕೋಟೆಯಲ್ಲೂ ಇದ್ದದ್ದು ಸರಿಯಾಗಿ ಅವರವರು ಕಳೆದುಕೊಂಡ ತುಂಡು. ಒಂದು ಗ್ರಾಂ ಹೆಚ್ಚಿಲ್ಲ, ಒಂದು ಗ್ರಾಂ ಕಡಿಮೆಯಿಲ್ಲ. ತಕ್ಕಡಿ ಆಫೀಸಿನ ಇತಿಹಾಸದಲ್ಲಿ ಇಷ್ಟು ನಿಖರವಾದ ತೂಕ ಯಾರೂ ಕೊಟ್ಟಿರಲಾರರು.

ಹುಲಿಯ ಬಾಯಲ್ಲಿದ್ದದ್ದು ನೋಯುವ ದವಡೆಹಲ್ಲು. ಡಾಕ್ಟರು "ನನಗೆ ಗೊತ್ತಿತ್ತು" ಎಂದು ಕುರ್ಚಿ ತಟ್ಟಿದರು. ಲಕೋಟೆಗಳು ಒಂದೊಂದಾಗಿ ಒಡೆದವು. ಕಂಬಳಿಯವನು ಓಡುವಾಗ ತಮಟೆ ಓಡಿತು, ರಾಣಿ ನಿದ್ದೆಗೆಟ್ಟು ಅತ್ತಾಗ ಪಿಟೀಲು ಅತ್ತಿತು. ಎಷ್ಟೋ ಕಡೆ ಅಜ್ಜಿ ಉಸಿರು ತೆಗೆದುಕೊಳ್ಳುವ ಜಾಗದಲ್ಲೇ ಕೊಳಲು ಬಂತು. ನನಗೆ ಮೈಯೆಲ್ಲ ಜುಮ್ಮೆಂದಿತು. ಬಾಗಿಲ ಬಳಿ ಚಿಕ್ಕಮ್ಮನ ತಂಗಿ ಚೀಲದ ಮೇಲೆಯೇ ಕುಳಿತು ಗಲ್ಲಕ್ಕೆ ಕೈ ಕೊಟ್ಟಿದ್ದಳು.

ಎಂಟು ಮುಗಿದವು. ಉಳಿದದ್ದು ಒಂದು ಲಕೋಟೆ, ಅಧ್ಯಕ್ಷರದು.

ಇದ್ದಕ್ಕಿದ್ದಂತೆ ಎಂಟೂ ಗಾಯಕರಿಗೆ ಮನೆಯ ನೆನಪಾಯಿತು. "ಸಾಕಲ್ವಾ, ಹೊತ್ತಾಯ್ತು" ಎಂದರು ಡಾಕ್ಟರು. "ಲಿಫ್ಟ್ ನೋಡ್ಬೇಕಿತ್ತು" ಎಂದರು ಲಿಫ್ಟಿನವರು. ಲೈಬ್ರರಿ ಮೇಡಂ ಸೀದಾ ಬಂದು ಚಿಕ್ಕಪ್ಪನ ಕಿವಿಯಲ್ಲಿ, "ಅದನ್ನ ಬೇಕಾದ್ರೆ ಅಳಿಸ್ಬಿಡಿ, ನಾನು ಸಾಕ್ಷಿ" ಎಂದರು.

"ಯಾರೂ ಅಲುಗಾಡಬೇಡಿ" ಎಂದರು ಅಧ್ಯಕ್ಷರು. "ಎಲ್ಲರದೂ ಕೇಳಿ, ನನ್ನದು ಮಾತ್ರ ಯಾಕೆ ಬೇಡ? ಹಾಕ್ರೀ."

ಚಿಕ್ಕಪ್ಪನಿಗೆ ಪಾಪ, ಏನೂ ಗೊತ್ತಿರಲಿಲ್ಲ. ಹಾಕಿದರು.

ವೀಣೆ ನುಡಿಯಿತು. ಅಜ್ಜಿ ಪಿಸುದನಿಯಲ್ಲಿ ಹೇಳಿದಳು: "ಏಳನೇ ಗುಹೆ. ಒಳಗೆ ಕತ್ತಲು. ಕಂಬಳಿಯವನು ಕಿವಿ ಇಟ್ಟು ಕೇಳ್ದ." ಆಗ ಸ್ಪೀಕರಿನಲ್ಲಿ, ದೂರದಿಂದ, ನಾಲ್ಕು ಹಾಸಿಗೆ, ಒಂದು ರಜಾಯಿ ಸೀಳಿಕೊಂಡು ಒಂದು ಧ್ವನಿ ಬಂತು. ಉಳಿದ ಎಂಟು ಜನರದು ಹಾಸಿಗೆಯಲ್ಲೇ ಇಂಗಿತ್ತು. ಇದು ಪ್ಲಾಟ್‌ಫಾರ್ಮಿನ ಗಂಟಲು. ಘ್ರ್‌ರ್‌ರ್, ಓ‌ಓ‌ಓ, ಘ್ರ್‌ರ್‌ರ್.

"ಕೇಳಿಸ್ತಾ?" ಎಂದಿತು ಅಜ್ಜಿಯ ಧ್ವನಿ. "ಅದೇ ಕಣ್ರಪ್ಪಾ. ರಾಜನ ಗೊರಕೆ. ಸಿಕ್ತು."

ಸ್ಪೀಕರಿನೊಳಗೆ ಎಂಟು ಜನ ಬಿದ್ದು ಬಿದ್ದು ನಕ್ಕರು, ಚಪ್ಪಾಳೆ ತಟ್ಟಿದರು. ಸ್ಪೀಕರಿನ ಹೊರಗೆ ಅದೇ ಎಂಟು ಜನ ನೆಲ ನೋಡಿದರು. ಕೊನೆಯಲ್ಲಿ ಬಾಗಿಲು ತೆರೆದ ಸದ್ದು. ಆಮೇಲೆ ಅಧ್ಯಕ್ಷರದೇ ಮಾತು, ಬಹಳ ವಿನಯದಿಂದ: "ಅಷ್ಟೊಂದು ಚೆನ್ನಾಗಿ ಬಂತಾ."

ಅಧ್ಯಕ್ಷರ ಕಿವಿ ಕೆಂಪಾಯಿತು, ಕೆಂಪು ಕತ್ತಿಗಿಳಿಯಿತು. ಚಿಕ್ಕಪ್ಪ ಮೇಜು ಹಿಡಿದುಕೊಂಡರು. ಆಗ ಪಕ್ಕದ ಕುರ್ಚಿಯಿಂದ ಒಂದು ಸದ್ದು ಬಂತು. ಅಧ್ಯಕ್ಷರ ಹೆಂಡತಿ, ಆರು ತಿಂಗಳಿಂದ ಆ ಹಾಲ್‌ನಲ್ಲಿ ತುಟಿ ಬಿಚ್ಚದವರು, ಸೆರಗನ್ನು ಬಾಯಿಗೆ ತುರುಕಿಕೊಂಡು ಅಲುಗಾಡುತ್ತಿದ್ದರು. ಕೊನೆಗೆ ತಡೆಯಲಾರದೆ, "ಮೂವತ್ತು ವರ್ಷದಿಂದ ಹೇಳ್ತಿದ್ದೀನಿ, ನಂಬಿದ್ರಾ? ಈಗ ರೆಕಾರ್ಡೇ ಸಿಕ್ತಲ್ಲ" ಎಂದರು.

ಅಧ್ಯಕ್ಷರು ಹೆಂಡತಿಯನ್ನು ನೋಡಿದರು. ಎಂಟು ಗಾಯಕರನ್ನು ನೋಡಿದರು. ಆಮೇಲೆ ನಿಧಾನವಾಗಿ ನಡೆದು ಅಜ್ಜಿಯ ಮುಂದೆ ಬಂದು ನಿಂತರು.

"ಅಮ್ಮಾ, ಗೊರಕೆ ಸಿಕ್ಕಿತು. ರಾಣಿಗೆ ನಿದ್ದೆ ಬಂತೋ?"

"ಬಂತಪ್ಪಾ" ಎಂದಳು ಅಜ್ಜಿ. "ರಾಣಿಗೂ ಬಂತು, ಊರಿಗೂ ಬಂತು. ಅದಿಲ್ಲದೆ ಯಾರಿಗೂ ಆಗ್ತಿರ್ಲಿಲ್ಲ."

ಅಧ್ಯಕ್ಷರು ಮೇಜಿನ ಬಳಿಗೆ ಮರಳಿದರು. ಮೇಜಿನಿಂದ ಕೀಲಿಕೈ ಎತ್ತಿ ಚಿಕ್ಕಪ್ಪನ ಕೋಟಿನ ಜೇಬಿಗೆ ತಾವೇ ಹಾಕಿದರು. "ಮುಂದಿನ ಭಾನುವಾರವೂ ಇಡಿ. ನಾನು ಮಾತ್ರ ಹಾಡಲ್ಲ. ಹೊರಗೆ ಕೂರ್ತೀನಿ."

ಆ ಭಾನುವಾರ ನಮ್ಮ ನಡುಮನೆಯಲ್ಲಿ ಇಪ್ಪತ್ತೆರಡು ಗಾಯಕರು ಸೇರಿದರು. ಚಿಕ್ಕಮ್ಮನ ತಂಗಿಯೂ ಬಂದಿದ್ದಳು, ಈ ಸಲ ಚೀಲವಿಲ್ಲದೆ. ಅಜ್ಜಿ ಹೊಸ ಕಥೆ ಶುರುಮಾಡಿದಳು. ಚಿಕ್ಕಪ್ಪ ಕೈ ಎತ್ತಿದರು, ಯಾರೂ ಏಳಲಿಲ್ಲ. "ಡಾಕ್ಟ್ರೇ, ನೀವು ಹೋಗಿ." "ಗಂಟಲು ಕೆಟ್ಟಿದೆ, ಮೇಡಂ ಹೋಗ್ಲಿ." "ನಾನು ಲೈಬ್ರರಿಯವಳು, ಹಾಡೋದು ನಿಷಿದ್ಧ." ಆದರೆ ಹಾಡುವವರಿಲ್ಲದ ಸ್ಟುಡಿಯೋ ಇರುತ್ತದೆಯೆ? ಕೋಣೆಯೊಳಗೆ ಕಾಲುಚೀಲ ಹಾಕಿಕೊಂಡ ಮೈಕು ಒಂಟಿಯಾಗಿ ಕಾಯುತ್ತಿತ್ತು.

"ಪುಟ್ಟೀ, ನೀನಿಲ್ಲಿ ಕೂತ್ಕೋ" ಎಂದರು ಚಿಕ್ಕಪ್ಪ. ಕೋಟಿನ ಗುಂಡಿ ಹಾಕಿಕೊಂಡು, ಎಂಟು ವರ್ಷದಲ್ಲಿ ಮೊದಲ ಬಾರಿಗೆ, ತಾವೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಹೋಗುವ ಮುಂಚೆ ಕಂಪ್ಯೂಟರಿನ ಪ್ರಶ್ನೆಗೆ ಅವರೇ ಉತ್ತರ ಕೊಟ್ಟಿದ್ದರು. ಒಮ್ಮೆ ಮಾಡಿದ ತಪ್ಪನ್ನು ಮತ್ತೆ ಮಾಡುವವರಲ್ಲ. ಈ ಬಾರಿ ಎರಡನೇ ಸಾಲು ಒತ್ತಿದ್ದರು.

ಹಾಗಾಗಿ ಅಜ್ಜಿ ಅವತ್ತು ಹೇಳಿದ, ಅವಳ ಜೀವನದಲ್ಲೇ ಅತ್ಯುತ್ತಮವಾದ ಕಥೆ ಇವತ್ತು ಯಾರ ಬಳಿಯೂ ಇಲ್ಲ. ತಾಳಕ್ಕಿಂತ ಅರ್ಧ ಹೆಜ್ಜೆ ಹಿಂದೆ ಸಾಗುವ ಚಿಕ್ಕಪ್ಪನ ಹಾಡು ಮಾತ್ರ, ಒಂದಕ್ಷರವೂ ಬಿಟ್ಟುಹೋಗದೆ, ಅರಗಿನ ಮೊಹರಿನೊಂದಿಗೆ ಕಟ್ಟಡದ ಪ್ರತಿ ಮನೆಯಲ್ಲೂ ಇದೆ. ಲಕೋಟೆಯ ಮೇಲೆ ಬರೆದದ್ದು ಈ ಬಾರಿ ಸುಳ್ಳಲ್ಲ. ಇಪ್ಪತ್ತೆರಡು ಮನೆಯವರೂ ಹಾಕಿ ಕೇಳಿ ಪರೀಕ್ಷಿಸಿದ್ದಾರೆ.